ಫ್ಲ್ಯಾಶ್ ಹಾಕಿದರೆ ಫೋಟೊ ಬಿಳುಚುತ್ತಿದೆಯೇ? ದೋಷ ಹುಡುಕುವ ಕ್ರಮ, ಹಂತ ಹಂತವಾಗಿ

ಕ್ಯಾಮೆರಾದಲ್ಲೇ ಇರುವ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಮುಖ ಸುಣ್ಣ ಬಳಿದಂತೆ ಬೆಳ್ಳಗೆ, ಹಿಂದಿನದೆಲ್ಲ ಕಗ್ಗತ್ತಲು. ಈ ದೂರು ಹೇಳುವವರನ್ನು ‘ಏನೇನು ಮಾಡಿ ನೋಡಿದಿರಿ’ ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: ಶಟರ್ ಸ್ಪೀಡ್ ಹೆಚ್ಚಿಸಿದೆ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೊ ಬೆಳ್ಳಗೋ ಕಪ್ಪಗೋ ಬರಲಿ ಎಂದು ಕ್ಯಾಮೆರಾಗೆ ಹೇಳುವ ಪ್ಲಸ್–ಮೈನಸ್ ಸೆಟ್ಟಿಂಗ್) ಮೈನಸ್‌ಗೆ ಇಳಿಸಿದೆ, ಆದರೂ ಮುಖ ಬೆಳ್ಳಗೇ ಉಳಿಯಿತು.

ಅದರಲ್ಲಿ ಆಶ್ಚರ್ಯವಿಲ್ಲ. ಫ್ಲ್ಯಾಶ್ ಮಿಂಚಿ ಮುಗಿಯುವುದು ಸಾಮಾನ್ಯವಾಗಿ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಸಮಯದಲ್ಲಿ. ಶಟರ್ 1/60 ಸೆಕೆಂಡ್ ತೆರೆದಿರಲಿ, 1/200 ಸೆಕೆಂಡ್ ತೆರೆದಿರಲಿ, ಆ ಮಿಂಚು ಪೂರ್ತಿಯಾಗಿ ಒಳಗೆ ಬಂದೇ ಬರುತ್ತದೆ. ಶಟರ್ ಸ್ಪೀಡ್ ಬದಲಿಸಿದರೆ ಕೋಣೆಯ ದೀಪದ ಬೆಳಕು, ಕಿಟಕಿಯ ಬೆಳಕು ಹೆಚ್ಚುಕಡಿಮೆ ಆಗುತ್ತದೆಯೇ ಹೊರತು ಫ್ಲ್ಯಾಶ್ ಬೆಳಕಲ್ಲ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಕೂಡ ಹಲವು ಕ್ಯಾಮೆರಾಗಳಲ್ಲಿ ಸುತ್ತಲಿನ ಬೆಳಕಿಗಷ್ಟೇ ಸಂಬಂಧಿಸಿದ್ದು.

ಫ್ಲ್ಯಾಶ್ ಫೋಟೊದಲ್ಲಿ ಎರಡು ಬೇರೆ ಬೇರೆ ಬೆಳಕುಗಳಿರುತ್ತವೆ. ಯಾವುದು ಅತಿಯಾಗಿದೆ ಎಂದು ತಿಳಿಯದೆ ಮೆನುವಿನಲ್ಲಿ ಕೈಯಾಡಿಸಿದರೆ ಸಂಜೆಯೆಲ್ಲ ಕಳೆದರೂ ದೋಷ ಸಿಗುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ಫೋಟೊ ತೆಗೆಯಿರಿ, ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಬೇಕಾಗುವ ಸಾಮಗ್ರಿ

ಪೂರ್ತಿ ಚಾರ್ಜ್ ಆದ ಬ್ಯಾಟರಿ, ಅಳತೆ ಟೇಪು, ಮೈಕ್ರೋಫೈಬರ್ ಬಟ್ಟೆ, ಫೋಟೊ ತೆಗೆಸಿಕೊಳ್ಳಲು ಅಲುಗಾಡದೆ ಕೂರುವ ಒಂದು ವಸ್ತು. ಬಣ್ಣದ ಗೊಂಬೆಯೋ ಮಣ್ಣಿನ ಕುಂಡವೋ ಆದೀತು. ಅಚ್ಚ ಬಿಳಿ, ಅಚ್ಚ ಕಪ್ಪು, ಹೊಳಪಿನ ವಸ್ತುಗಳು ಬೇಡ. ಪರೀಕ್ಷೆಯೇ ದಾರಿ ತಪ್ಪುತ್ತದೆ. ಮನುಷ್ಯರನ್ನು ಕೂರಿಸಿಕೊಂಡು ಇಪ್ಪತ್ತು ಸಲ ಫ್ಲ್ಯಾಶ್ ಹೊಡೆಯುವುದೂ ಬೇಡ.

ಕ್ಯಾಮೆರಾದಲ್ಲಿ ಹೈಲೈಟ್ ಅಲರ್ಟ್ ಆನ್ ಮಾಡಿಕೊಳ್ಳಿ. ಫೋಟೊ ನೋಡುವಾಗ ವಿವರ ಕಳೆದುಕೊಂಡ ಜಾಗಗಳು ಕಪ್ಪು–ಬಿಳಿಯಾಗಿ ಮಿಣುಕುತ್ತವೆ. ಜೊತೆಗೆ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆಯೆಂದು ತೋರಿಸುವ ನಕ್ಷೆ) ಕೂಡ ತೆರೆದಿರಲಿ. ಅದರ ಗುಡ್ಡ ಬಲಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಬೆಳಕು ಅತಿಯಾಗಿದೆ ಎಂದೇ ಅರ್ಥ. ಸ್ಕ್ರೀನಿನ ಹೊಳಪನ್ನು ಮಾತ್ರ ನಂಬಬೇಡಿ. ಕತ್ತಲ ಕೋಣೆಯಲ್ಲಿ ಸರಿಯಾದ ಫೋಟೊವೂ ಬಿಳುಚಿದಂತೆ ಕಾಣುತ್ತದೆ. ದೋಷವೇ ಇಲ್ಲದ ಕ್ಯಾಮೆರಾವನ್ನು ರಿಪೇರಿಗೆ ಕೊಡಲು ಹೊರಟವರನ್ನು ನಾನು ಈ ಕಾರಣಕ್ಕೇ ತಡೆದಿದ್ದೇನೆ.

ಹಂತ 1: ಹಳೆಯ ಸೆಟ್ಟಿಂಗ್‌ಗಳನ್ನು ತೊಳೆದುಬಿಡಿ

ಹಿಂದೆಂದೋ ಯಾರೋ ಬದಲಿಸಿಟ್ಟ ಒಂದು ಸೆಟ್ಟಿಂಗ್ ಸಾಕು, ಇಡೀ ಹುಡುಕಾಟ ಹಾಳಾಗಲು. ಮೆನುವಿನಲ್ಲಿರುವ ರೀಸೆಟ್ ಬಳಸಿ. ಬಳಸಲು ಇಷ್ಟವಿಲ್ಲದಿದ್ದರೆ ಕನಿಷ್ಠ ಈ ಮೂರನ್ನು ನೋಡಿ: ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಸೊನ್ನೆಯಲ್ಲಿರಲಿ, ಮಿಂಚಿನ ಗುರುತಿನ ಪಕ್ಕ ಪ್ಲಸ್–ಮೈನಸ್ ಇರುವ ಫ್ಲ್ಯಾಶ್ ಕಾಂಪೆನ್ಸೇಷನ್ ಸೊನ್ನೆಯಲ್ಲಿರಲಿ, ಮೀಟರಿಂಗ್ (ಬೆಳಕು ಅಳೆಯುವ ಕ್ರಮ) ಒಂದೇ ಬಿಂದುವನ್ನು ಅಳೆಯುವ ಸ್ಪಾಟ್‌ನಿಂದ ಇಡೀ ಚೌಕಟ್ಟನ್ನು ಅಳೆಯುವ ಮೋಡ್‌ಗೆ ಬರಲಿ.

ಫ್ಲ್ಯಾಶ್ ಕಾಂಪೆನ್ಸೇಷನ್ ಹಲವು ಕ್ಯಾಮೆರಾಗಳಲ್ಲಿ ಸ್ವಿಚ್ ಆಫ್ ಮಾಡಿದರೂ ಅಳಿಯುವುದಿಲ್ಲ. ಒಂದು ದಿನ ಪ್ಲಸ್ ಒಂದಕ್ಕೆ ಏರಿಸಿ ಮರೆತವರು ತಿಂಗಳುಗಟ್ಟಲೆ ಬಿಳುಚಿದ ಮುಖಗಳನ್ನೇ ತೆಗೆಯುತ್ತಿರುತ್ತಾರೆ.

ಹಂತ 2: ತಪ್ಪು ಯಾವ ಬೆಳಕಿನದು?

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಬಿಳುಚಿದ ಫೋಟೊವನ್ನು ತೆರೆದು ಅದರ ಶಟರ್ ಸ್ಪೀಡ್, ಅಪರ್ಚರ್ (ಲೆನ್ಸಿನ ತೆರಪು; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿರಿದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮೂರನ್ನೂ ಬರೆದುಕೊಳ್ಳಿ. ಕ್ಯಾಮೆರಾವನ್ನು ಮ್ಯಾನುಯಲ್ ಮೋಡ್‌ಗೆ ತಿರುಗಿಸಿ ಅದೇ ಮೂರು ಅಂಕಿಗಳನ್ನು ಇಡಿ. ಫ್ಲ್ಯಾಶನ್ನು ಮುಚ್ಚಿ, ಅದೇ ಜಾಗದಿಂದ, ಅದೇ ಬೆಳಕಿನಲ್ಲಿ ಇನ್ನೊಂದು ಫೋಟೊ ತೆಗೆಯಿರಿ.

ಈ ಎರಡನೆಯ ಫೋಟೊ ಕಪ್ಪಗೆ ಬಂದರೆ ಅತಿಯಾಗಿರುವುದು ಫ್ಲ್ಯಾಶ್. ಹಂತ 3ಕ್ಕೆ ಹೋಗಿ. ಫ್ಲ್ಯಾಶ್ ಇಲ್ಲದೆಯೂ ಬೆಳ್ಳಗೇ ಬಂದರೆ ಫ್ಲ್ಯಾಶ್ ನಿರಪರಾಧಿ. ನಿಮ್ಮ ಉತ್ತರ ಹಂತ 8ರಲ್ಲೋ ಹಂತ 10ರಲ್ಲೋ ಇದೆ.

ಮ್ಯಾನುಯಲ್ ಮೋಡ್ ಇಲ್ಲದ ಪುಟ್ಟ ಕ್ಯಾಮೆರಾದವರು ಫೋಟೊವನ್ನೇ ಓದಬೇಕು. ಹತ್ತಿರದ ವಸ್ತು ಬಿಳಿ, ದೂರದ್ದು ಕಪ್ಪು, ಹಿಂದಿನ ಗೋಡೆಯ ಮೇಲೆ ಅಂಚು ಕತ್ತರಿಸಿದಂಥ ನೆರಳು: ಇದು ಫ್ಲ್ಯಾಶಿನ ಕೆಲಸ. ಹತ್ತಿರ–ದೂರ ಎಂಬ ಭೇದವಿಲ್ಲದೆ ಆಕಾಶ, ನೆಲ, ಮುಖ ಎಲ್ಲವೂ ಒಂದೇ ಸಮ ಬಿಳುಚಿದ್ದರೆ ಅದು ಸುತ್ತಲಿನ ಬೆಳಕಿನದು.

ಹಂತ 3: ಫ್ಲ್ಯಾಶ್ ಟಿಟಿಎಲ್‌ನಲ್ಲಿದೆಯೇ?

ಟಿಟಿಎಲ್‌ನಲ್ಲಿದ್ದಾಗ (ಥ್ರೂ ದ ಲೆನ್ಸ್) ಕ್ಯಾಮೆರಾ ಮೊದಲು ಒಂದು ಸಣ್ಣ ಮಿಂಚು (ಮುನ್ಮಿಂಚು) ಹಾಯಿಸಿ, ಮರಳಿ ಬಂದ ಬೆಳಕನ್ನು ಲೆನ್ಸ್ ಮೂಲಕ ಅಳೆದು, ಆಮೇಲೆ ನಿಜವಾದ ಮಿಂಚಿಗೆ ಎಷ್ಟು ಶಕ್ತಿ ಬೇಕೆಂದು ನಿರ್ಧರಿಸುತ್ತದೆ. ಕೆನಾನ್ ಇದನ್ನು ಇ-ಟಿಟಿಎಲ್ ಎನ್ನುತ್ತದೆ, ನಿಕಾನ್ ಐ-ಟಿಟಿಎಲ್, ಪೆಂಟಾಕ್ಸ್ ಪಿ-ಟಿಟಿಎಲ್. ಆದರೆ ಫ್ಲ್ಯಾಶ್ ಮೆನುವಿನಲ್ಲಿ ಯಾರಾದರೂ ‘ಮ್ಯಾನುಯಲ್ 1/1’ (ಅಂದರೆ ಪೂರ್ತಿ ಶಕ್ತಿ) ಆರಿಸಿಟ್ಟಿದ್ದರೆ ಈ ಅಳತೆ ನಡೆಯುವುದೇ ಇಲ್ಲ. ಮುಖ ಅರ್ಧ ಮೀಟರ್ ದೂರದಲ್ಲಿದ್ದರೂ ಇದ್ದ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿದುಬಿಡುತ್ತದೆ. ಕ್ಯಾಮೆರಾದ ಮೋಡ್ ಮ್ಯಾನುಯಲ್ ಆಗಿರುವುದು ಬೇರೆ, ಫ್ಲ್ಯಾಶ್ ಮ್ಯಾನುಯಲ್ ಆಗಿರುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು.

ಮೆನುವಿಗೆ ಹೋಗದೆಯೇ ತಿಳಿಯುವ ಒಂದು ಸುಳಿವಿದೆ. ಒಂದು ಮೀಟರ್ ದೂರದ ವಸ್ತುವಿಗೆ ಫ್ಲ್ಯಾಶ್ ಹೊಡೆದು, ಮತ್ತೆ ಚಾರ್ಜ್ ಆಗಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಟಿಟಿಎಲ್ ಸರಿಯಿದ್ದರೆ ಹತ್ತಿರದ ಫೋಟೊಗೆ ಸ್ವಲ್ಪವೇ ಶಕ್ತಿ ಸಾಕು, ಮಿಂಚಿನ ಗುರುತು ಥಟ್ಟನೆ ಮರಳಿ ಬರುತ್ತದೆ. ಹತ್ತಿರದ ಫೋಟೊಗೂ ಪ್ರತಿ ಸಲ ಮೂರ್ನಾಲ್ಕು ಸೆಕೆಂಡ್ ಕಾಯಬೇಕಾಗಿ ಬಂದರೆ ಫ್ಲ್ಯಾಶ್ ಪೂರ್ತಿ ಖಾಲಿಯಾಗುತ್ತಿದೆ. ಮೆನು ಟಿಟಿಎಲ್ ಎಂದು ತೋರಿಸುತ್ತಲೇ ಹೀಗಾಗುತ್ತಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ; ಹಂತ 10ರಲ್ಲಿ ಬೇಕಾಗುತ್ತದೆ.

ಹಂತ 4: ದೂರ ಅಳೆಯಿರಿ

ಫ್ಲ್ಯಾಶ್ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 1 ಮೀಟರ್‌ನಲ್ಲಿ ಬೀಳುವ ಬೆಳಕಿನ ಕಾಲು ಭಾಗವಷ್ಟೇ 2 ಮೀಟರ್‌ನಲ್ಲಿ ಬೀಳುತ್ತದೆ, 3 ಮೀಟರ್‌ನಲ್ಲಿ ಒಂಬತ್ತನೆಯ ಒಂದು ಭಾಗ. ಆದ್ದರಿಂದ ಮುಖ ಬಿಳುಚುತ್ತಿದ್ದರೆ ಮೊದಲ ಮದ್ದು ಕಾಲಿನಲ್ಲಿದೆ: ಎರಡು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ. ಸಾಮಾನ್ಯ ಕಿಟ್ ಲೆನ್ಸ್‌ಗಳಲ್ಲಿ ಜೂಮ್ ಮಾಡಿದಂತೆ ಅಪರ್ಚರ್ ಕೂಡ ಎಫ್/3.5ರಿಂದ ಎಫ್/5.6ರ ಕಡೆಗೆ ಕಿರಿದಾಗುವುದರಿಂದ ಲಾಭ ಇಮ್ಮಡಿ.

ಗುಂಪಿನ ಫೋಟೊದಲ್ಲಿ ಮುಂದಿನವರು 1 ಮೀಟರ್‌ನಲ್ಲಿ, ಹಿಂದಿನವರು 3 ಮೀಟರ್‌ನಲ್ಲಿ ಇದ್ದಾರೆ ಎನ್ನಿ. ಮುಂದಿನವರ ಮೇಲೆ ಒಂಬತ್ತು ಪಟ್ಟು ಬೆಳಕು. ಇದನ್ನು ಯಾವ ಸೆಟ್ಟಿಂಗೂ ಸರಿಮಾಡದು, ಏಕೆಂದರೆ ಫ್ಲ್ಯಾಶ್ ಇಳಿಸಿದರೆ ಹಿಂದಿನವರು ಕತ್ತಲಿಗೆ ಹೋಗುತ್ತಾರೆ. ನೀವೇ 2 ಮೀಟರ್ ಹಿಂದೆ ಸರಿದರೆ ದೂರ 3 ಮತ್ತು 5 ಮೀಟರ್ ಆಗಿ ವ್ಯತ್ಯಾಸ ಮೂರು ಪಟ್ಟಿಗೂ ಕೆಳಗೆ ಇಳಿಯುತ್ತದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲು ಆದರೆ ಇನ್ನೂ ಒಳ್ಳೆಯದು.

ಚೌಕಟ್ಟಿನ ಕೆಳಗಂಚನ್ನೂ ನೋಡಿ. ಮೇಜಿನ ತುದಿ, ಕುರ್ಚಿಯ ಬೆನ್ನು, ಯಾರದೋ ಭುಜ ಫ್ಲ್ಯಾಶಿಗೆ ತೀರಾ ಹತ್ತಿರವಿದ್ದರೆ ಅವು ಉರಿಯುವ ಬಿಳಿಯಾಗಿ ಕಣ್ಣು ಸೆಳೆಯುತ್ತವೆ.

ಹಂತ 5: ಐಎಸ್‌ಒ ಇಳಿಸಿ, ಅಪರ್ಚರ್ ಕಿರಿದಾಗಿಸಿ

ಹೆಚ್ಚಿನವರ ದೋಷ ಸಿಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫ್ಲ್ಯಾಶ್ ಎಷ್ಟೇ ಜಾಣ ಆಗಿದ್ದರೂ ಅದಕ್ಕೊಂದು ಕನಿಷ್ಠ ಶಕ್ತಿಯಿದೆ. ಅದಕ್ಕಿಂತ ಕೆಳಗೆ ಇಳಿಯಲು ಅದಕ್ಕೆ ಸಾಧ್ಯವಿಲ್ಲ. ಕ್ಯಾಮೆರಾ ಕೇಳುತ್ತಿರುವುದು ಆ ಕನಿಷ್ಠಕ್ಕಿಂತಲೂ ಕಡಿಮೆ ಬೆಳಕಾದರೆ ಫೋಟೊ ಬಿಳುಚಲೇಬೇಕು.

ಲೆಕ್ಕ ಹೀಗಿದೆ. ಡಿಎಸ್‌ಎಲ್‌ಆರ್‌ಗಳ ಒಳಫ್ಲ್ಯಾಶಿಗೆ ಐಎಸ್‌ಒ 100ರಲ್ಲಿ ಗೈಡ್ ನಂಬರ್ ಸುಮಾರು 12 ಇರುತ್ತದೆ, ಮೀಟರ್ ಲೆಕ್ಕದಲ್ಲಿ. ಈ ಸಂಖ್ಯೆಯನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಪೂರ್ತಿ ಶಕ್ತಿಯಲ್ಲಿ ಫ್ಲ್ಯಾಶ್ ಎಷ್ಟು ದೂರ ಮುಟ್ಟುತ್ತದೆಂದು ತಿಳಿಯುತ್ತದೆ. ಎಫ್/4ರಲ್ಲಿ 3 ಮೀಟರ್. ಐಎಸ್‌ಒ ನಾಲ್ಕು ಪಟ್ಟು ಏರಿದಾಗ ಗೈಡ್ ನಂಬರ್ ಎರಡು ಪಟ್ಟಾಗುತ್ತದೆ: ಐಎಸ್‌ಒ 400ರಲ್ಲಿ 24, ಐಎಸ್‌ಒ 1600ರಲ್ಲಿ 48.

ಈಗ ಮುಖ 1 ಮೀಟರ್ ದೂರದಲ್ಲಿದೆ, ಅಪರ್ಚರ್ ಎಫ್/4. ಐಎಸ್‌ಒ 100 ಇದ್ದರೆ ಬೇಕಾದದ್ದು ಪೂರ್ತಿ ಶಕ್ತಿಯ ಒಂಬತ್ತನೆಯ ಒಂದು ಭಾಗ. ಯಾವ ಫ್ಲ್ಯಾಶಾದರೂ ಸುಲಭವಾಗಿ ಕೊಡುತ್ತದೆ. ಐಎಸ್‌ಒ 1600 ಇದ್ದರೆ ಬೇಕಾದದ್ದು 144ನೆಯ ಒಂದು ಭಾಗ. ನಿಮ್ಮ ಫ್ಲ್ಯಾಶ್ 1/64ಕ್ಕಿಂತ ಕೆಳಗೆ ಇಳಿಯದು ಎಂದಿಟ್ಟುಕೊಳ್ಳಿ. ಆಗ ಫೋಟೊಗೆ ಬೇಕಾದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕು ಬಿದ್ದಾಯಿತು. ಅದರ ಮೇಲೆ ಲೆನ್ಸನ್ನು ಎಫ್/2ಕ್ಕೆ ತೆರೆದಿದ್ದರೆ ಬೇಕಾದದ್ದು 576ನೆಯ ಒಂದು ಭಾಗ, ಸಿಗುವುದು ಅದರ ಒಂಬತ್ತು ಪಟ್ಟು. ಮುಖದಲ್ಲಿ ಕಣ್ಣು, ಮೂಗಿನ ಹೊಳ್ಳೆ ಬಿಟ್ಟು ಇನ್ನೇನೂ ಉಳಿಯುವುದಿಲ್ಲ.

ಮಾಡಬೇಕಾದದ್ದು:

1. ಆಟೋ ಐಎಸ್‌ಒ ಆಫ್ ಮಾಡಿ. ಕತ್ತಲ ಕೋಣೆ ಕಂಡ ಕೂಡಲೇ ಫ್ಲ್ಯಾಶ್ ತೆರೆದಿದ್ದರೂ ಐಎಸ್‌ಒ ಏರಿಸಿಬಿಡುವ ಕ್ಯಾಮೆರಾಗಳಿವೆ.
2. ಐಎಸ್‌ಒ 100 ಅಥವಾ 200ಕ್ಕೆ ಇಡಿ.
3. ಅಪರ್ಚರ್ ಎಫ್/5.6ರಿಂದ ಆರಂಭಿಸಿ. ಇನ್ನೂ ಬಿಳುಚಿದ್ದರೆ ಎಫ್/8, ಆಮೇಲೆ ಎಫ್/11.
4. ಪ್ರತಿ ಬದಲಾವಣೆಗೂ ಒಂದು ಫೋಟೊ ತೆಗೆದು ಹೈಲೈಟ್ ಅಲರ್ಟ್ ನೋಡಿ.

ಇದರಿಂದ ಹಿನ್ನೆಲೆ ಕಪ್ಪಾದರೆ ಶಟರನ್ನು 1/200ರಿಂದ 1/60ಕ್ಕೆ, ಕೈ ಗಟ್ಟಿಯಿದ್ದರೆ 1/30ಕ್ಕೆ ನಿಧಾನಗೊಳಿಸಿ. ಮುಖದ ಮೇಲಿನ ಫ್ಲ್ಯಾಶ್ ಬೆಳಕು ಹಾಗೇ ಉಳಿಯುತ್ತದೆ, ಹಿಂದಿನ ಕೋಣೆ ಮಾತ್ರ ಬೆಳಗುತ್ತದೆ. ಆದರೆ 1/30ರಲ್ಲಿ ಅಲುಗಾಡುವ ಮಕ್ಕಳು ಮಸುಕಾಗಿ ಬರುತ್ತಾರೆ, ಅದು ನೆನಪಿರಲಿ.

ಹಂತ 6: ಫ್ಲ್ಯಾಶ್ ಕಾಂಪೆನ್ಸೇಷನ್ ಇಳಿಸಿ

ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಬಹುದು. ಫ್ಲ್ಯಾಶ್ ಆಗಲೇ ತನ್ನ ಕನಿಷ್ಠದಲ್ಲಿದ್ದರೆ ಮೈನಸ್ ಎರಡಕ್ಕೆ ಇಳಿಸಿದರೂ ಕೂದಲೆಳೆಯಷ್ಟೂ ಬದಲಾಗದು. ಹಾಗಾಗಿಯೇ ಹಂತ 5 ಮೊದಲು.

ಮೈನಸ್ 1ರಿಂದ ಆರಂಭಿಸಿ. ಅಂದರೆ ಫ್ಲ್ಯಾಶ್ ಬೆಳಕು ಅರ್ಧಕ್ಕೆ ಇಳಿಯುತ್ತದೆ. ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾಗಿ ಮೈನಸ್ 3ರವರೆಗೆ, ಕೆನಾನ್‌ನ ಬಹಳಷ್ಟು ಮಾದರಿಗಳಲ್ಲಿ ಮೈನಸ್ 2ರವರೆಗೆ ಅವಕಾಶವಿದೆ. ನಿಕಾನ್‌ನಲ್ಲಿ ಫ್ಲ್ಯಾಶ್ ಗುಂಡಿಯನ್ನು ಒತ್ತಿ ಹಿಡಿದು ಡಯಲ್ ತಿರುಗಿಸುವ ಕ್ರಮ ಹೆಚ್ಚಿನ ಮಾದರಿಗಳಲ್ಲಿದೆ. ಕೆನಾನ್, ಸೋನಿಗಳಲ್ಲಿ ಮೆನುವಿನಲ್ಲಿ ಹುಡುಕಿ. ಪೂರ್ತಿ ಆಟೋ ಮೋಡ್‌ನಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ, ಪಿ ಮೋಡ್‌ಗಾದರೂ (ಶಟರ್, ಅಪರ್ಚರ್ ಕ್ಯಾಮೆರಾ ಆರಿಸಿ, ಉಳಿದದ್ದನ್ನು ನಿಮಗೆ ಬಿಡುವ ಮೋಡ್) ಬರಬೇಕು.

ಇಳಿಸಿದರೂ ಫೋಟೊ ಮೊದಲಿನಷ್ಟೇ ಬೆಳ್ಳಗಿದೆಯೇ? ಕೆನಾನ್‌ನವರು ಆಟೋ ಲೈಟಿಂಗ್ ಆಪ್ಟಿಮೈಸರ್ ಆಫ್ ಮಾಡಿ ನೋಡಿ. ನೀವು ಬೇಕೆಂದೇ ಕಪ್ಪಾಗಿಸಿದ್ದನ್ನು ಕ್ಯಾಮೆರಾ ‘ಸರಿಪಡಿಸಿ’ ಮತ್ತೆ ಬೆಳಗಿಸುತ್ತಿರಬಹುದು.

ಹಂತ 7: ಮೀಟರ್ ಮೋಸ ಹೋಗುವ ದೃಶ್ಯಗಳು

ಕೆಲವು ಫೋಟೊ ಸರಿ, ಕೆಲವು ಬಿಳಿ ಎಂದಾದರೆ ಕ್ಯಾಮೆರಾವನ್ನು ಬಿಟ್ಟು ದೃಶ್ಯವನ್ನು ನೋಡಬೇಕು. ದೊಡ್ಡ ಕತ್ತಲ ಸಭಾಂಗಣದಲ್ಲಿ ಒಬ್ಬರೇ ನಿಂತಿದ್ದಾರೆ, ಚೌಕಟ್ಟಿನ ಕಾಲು ಭಾಗದಲ್ಲಷ್ಟೇ ಅವರಿದ್ದಾರೆ ಎಂದುಕೊಳ್ಳಿ. ಮುನ್ಮಿಂಚು ಕತ್ತಲಲ್ಲಿ ಕರಗಿಹೋಗುತ್ತದೆ, ಮರಳಿ ಬರುವುದು ಅತ್ಯಲ್ಪ. ಬೆಳಕು ಸಾಲದು ಎಂದು ಕ್ಯಾಮೆರಾ ಶಕ್ತಿ ಏರಿಸುತ್ತದೆ, ಎಲ್ಲವೂ ಆ ಒಬ್ಬರ ಮುಖದ ಮೇಲೆ ಸುರಿಯುತ್ತದೆ. ರಾತ್ರಿ ಹೊರಾಂಗಣದಲ್ಲಿ, ಕಪ್ಪು ಪರದೆಯ ಮುಂದೆ, ಕಪ್ಪು ಕೋಟಿನವರ ಪಕ್ಕದಲ್ಲಿ ಆಗುವುದೂ ಇದೇ.

ಇದಕ್ಕೆ ಫ್ಲ್ಯಾಶ್ ಎಕ್ಸ್‌ಪೋಷರ್ ಲಾಕ್ ಇದೆ. ಕೆನಾನ್‌ನಲ್ಲಿ ಮುಖವನ್ನು ನಡುವಿಗೆ ತಂದು ನಕ್ಷತ್ರದ ಗುರುತಿನ ಗುಂಡಿ ಒತ್ತಿದರೆ ಮುನ್ಮಿಂಚು ಹಾಯುತ್ತದೆ, ಅಳತೆ ಆ ಮುಖಕ್ಕೆ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಆಮೇಲೆ ಚೌಕಟ್ಟು ಸರಿಸಿ ತೆಗೆಯಿರಿ. ನಿಕಾನ್‌ನಲ್ಲಿ ಇದರ ಹೆಸರು ಎಫ್‌ವಿ ಲಾಕ್, ಅದಿರುವ ಮಾದರಿಗಳಲ್ಲಿ ಒಂದು ಗುಂಡಿಗೆ ಹೊಂದಿಸಿಕೊಳ್ಳಬೇಕು. ಲಾಕ್ ಇಲ್ಲದವರಿಗೆ ಫ್ಲ್ಯಾಶ್ ಕಾಂಪೆನ್ಸೇಷನ್ ಮೈನಸ್‌ಗೆ ಇಳಿಸುವುದೊಂದೇ ದಾರಿ.

ಮುಖದಲ್ಲಿ ಹಣೆ ಮತ್ತು ಮೂಗಿನ ತುದಿ ಮಾತ್ರ ಬಿಳಿ ಚುಕ್ಕೆಯಾಗಿದ್ದರೆ ಅದು ಎಕ್ಸ್‌ಪೋಷರ್ ದೋಷವಲ್ಲ, ಬೆವರಿನ ಹೊಳಪು. ಟಿಶ್ಯೂ ಕಾಗದದಿಂದ ಮೆಲ್ಲಗೆ ಒತ್ತಿದರೆ ಹೋಗುತ್ತದೆ. ಗಾಜು, ಚೌಕಟ್ಟು ಹಾಕಿದ ಚಿತ್ರ, ಪಾಲಿಶ್ ಮಾಡಿದ ಬೀರು ಹಿಂದಿದ್ದರೆ ನೇರವಾಗಿ ನಿಲ್ಲದೆ ಓರೆಯಾಗಿ ನಿಂತು ತೆಗೆಯಿರಿ.

ಹಂತ 8: ಹಗಲಿನಲ್ಲಿ ಫ್ಲ್ಯಾಶ್ ಹಾಕಿದಾಗ ಮಾತ್ರ ಬಿಳುಚಿದರೆ

‘ಫ್ಲ್ಯಾಶ್ ಇಲ್ಲದೆ ಚೆನ್ನಾಗಿ ಬರುತ್ತದೆ, ಹಾಕಿದ ಕೂಡಲೇ ಆಕಾಶವೂ ಬಿಳಿ’ ಎನ್ನುವವರು ಫ್ಲ್ಯಾಶನ್ನು ದೂರುತ್ತಾರೆ. ಆಕಾಶಕ್ಕೆ ಫ್ಲ್ಯಾಶ್ ಮುಟ್ಟುವುದಿಲ್ಲ ಎಂಬುದನ್ನು ಯೋಚಿಸಿದರೆ ದೋಷ ಬೇರೆಡೆಯಿದೆ ಎಂದು ಹೊಳೆಯುತ್ತದೆ.

ನಡುಹಗಲ ಬಿಸಿಲಲ್ಲಿ ಐಎಸ್‌ಒ 100, ಎಫ್/2.8 ಇಟ್ಟರೆ ಸರಿಯಾದ ಶಟರ್ ಸ್ಪೀಡ್ ಸುಮಾರು 1/3200. ಫ್ಲ್ಯಾಶ್ ತೆರೆದ ಕ್ಷಣ ಕ್ಯಾಮೆರಾ ತನ್ನ ಸಿಂಕ್ ವೇಗಕ್ಕಿಂತ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್ ಸ್ಪೀಡ್) ಮೇಲೆ ಹೋಗಲಾರದು. ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ ಅದು 1/200 ಅಥವಾ 1/250. ಅಂದರೆ ಬಿಸಿಲೇ ಹದಿನಾರು ಪಟ್ಟು ಹೆಚ್ಚು ಒಳಬಂತು. ಎಚ್ಚರಿಕೆಯ ಗುರುತೂ ಇದೆ: ಅಪರ್ಚರ್ ಆದ್ಯತೆಯ ಮೋಡ್‌ನಲ್ಲಿ (ಅಪರ್ಚರ್ ನೀವು, ಶಟರ್ ಸ್ಪೀಡ್ ಕ್ಯಾಮೆರಾ ಆರಿಸುವ ಮೋಡ್) ಶಟರ್ ಅಂಕಿ ವ್ಯೂಫೈಂಡರಿನಲ್ಲಿ ಮಿಣುಕತೊಡಗುತ್ತದೆ. ಅದನ್ನು ಕಂಡೂ ಗುಂಡಿ ಒತ್ತಿದರೆ ಫೋಟೊ ಕೈಬಿಟ್ಟಂತೆ.

ಐಎಸ್‌ಒ 100, ಶಟರ್ 1/200, ಅಪರ್ಚರ್ ಎಫ್/11 ಇಟ್ಟು, ಫ್ಲ್ಯಾಶ್ ಕಾಂಪೆನ್ಸೇಷನ್ ಮೈನಸ್ 1 ಮಾಡಿ. ಹಿನ್ನೆಲೆ ಮಸುಕಾಗಲೇಬೇಕು, ಅಪರ್ಚರ್ ತೆರೆದೇ ಇರಬೇಕು ಎನ್ನುವವರು ಲೆನ್ಸಿಗೆ ಬರುವ ಬೆಳಕನ್ನು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಹಾಕಬೇಕು, ಇಲ್ಲವೇ ಜನರನ್ನು ನೆರಳಿಗೆ ಕರೆದು ಫ್ಲ್ಯಾಶ್ ಮುಚ್ಚಬೇಕು. ನಾನಾದರೆ ನೆರಳನ್ನೇ ಆರಿಸುತ್ತೇನೆ.

ಹಂತ 9: ಫ್ಲ್ಯಾಶಿನ ಮುಂದೆ ಕಾಗದ ಹಿಡಿಯುವುದು

ಬಿಳಿ ಟಿಶ್ಯೂ ಹಿಡಿದರೆ ಬಿಳುಚುವುದು ನಿಲ್ಲುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅರ್ಧ ಮಾತ್ರ ನಿಜ. ಟಿಟಿಎಲ್ ಇದ್ದಾಗ ಮುನ್ಮಿಂಚೂ ಅದೇ ಕಾಗದದ ಮೂಲಕ ಬರುವುದರಿಂದ ಕ್ಯಾಮೆರಾ ಕಳೆದುಹೋದಷ್ಟು ಬೆಳಕನ್ನು ಸೇರಿಸಿಬಿಡುತ್ತದೆ. ಬೆಳಕಿನ ಮೊತ್ತ ಮೊದಲಿನಷ್ಟೇ. ಕಾಗದ ನಿಜವಾಗಿ ಕೆಲಸಕ್ಕೆ ಬರುವುದು ಹಂತ 5ರ ಸಂದರ್ಭದಲ್ಲಿ, ಅಂದರೆ ಹೂವು, ಕೀಟ, ನಾಣ್ಯದಂಥವನ್ನು ತೀರಾ ಹತ್ತಿರದಿಂದ ತೆಗೆಯುವಾಗ ಫ್ಲ್ಯಾಶ್ ತನ್ನ ಕನಿಷ್ಠ ಶಕ್ತಿ ಮುಟ್ಟಿ ನಿಂತಿದ್ದರೆ. ಆಗ ಒಂದೆರಡು ಪದರ ಕಾಗದ ಆ ಕನಿಷ್ಠವನ್ನೇ ಕೆಳಗಿಳಿಸುತ್ತದೆ.

ಕಾಗದವನ್ನು ಫ್ಲ್ಯಾಶಿಗೆ ಅಂಟಿಸಬೇಡಿ. ಪೂರ್ತಿ ಶಕ್ತಿಯಲ್ಲಿ ಮತ್ತೆ ಮತ್ತೆ ಹೊಡೆದರೆ ಅದರ ಮುಖ ಕಾಯುತ್ತದೆ. ಒಂದೆರಡು ಸೆಂಟಿಮೀಟರ್ ಅಂತರ ಬಿಟ್ಟು ಹಿಡಿಯಿರಿ. ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಹಂತ 10: ಇಷ್ಟಾದರೂ ಸರಿಹೋಗದಿದ್ದರೆ, ಯಂತ್ರದ ಪರೀಕ್ಷೆ

ಮೊದಲು ಲೆನ್ಸ್. ಫ್ಲ್ಯಾಶ್ ಮುಚ್ಚಿ, ಅಪರ್ಚರ್ ಆದ್ಯತೆಯ ಮೋಡ್‌ನಲ್ಲಿ, ಹಗಲು ಬೆಳಕಿನಲ್ಲಿ ಒಂದೇ ದೃಶ್ಯವನ್ನು ಲೆನ್ಸಿನ ಅತಿ ಅಗಲದ ಅಪರ್ಚರಿನಲ್ಲಿ, ಎಫ್/8ರಲ್ಲಿ, ಎಫ್/16ರಲ್ಲಿ ತೆಗೆಯಿರಿ. ಮೂರೂ ಒಂದೇ ಹೊಳಪಿನಲ್ಲಿ ಬರಬೇಕು. ಎಫ್ ಸಂಖ್ಯೆ ಏರಿದಂತೆ ಫೋಟೊ ಬಿಳುಚುತ್ತಾ ಹೋದರೆ ಅಪರ್ಚರಿನ ಎಲೆಗಳು ಮುಚ್ಚಿಕೊಳ್ಳುತ್ತಿಲ್ಲ. ಕ್ಯಾಮೆರಾ ಎಫ್/16 ಎಂದುಕೊಂಡು ಲೆಕ್ಕ ಹಾಕುತ್ತಿದೆ, ಲೆನ್ಸ್ ಮಾತ್ರ ಪೂರ್ತಿ ತೆರೆದಿದೆ. ಬೇರೆ ಲೆನ್ಸ್ ಹಾಕಿದಾಗ ಸರಿಯಾದರೆ ದೋಷ ಖಚಿತ.

ಲೆನ್ಸ್ ಬಿಚ್ಚಿ, ಹಿತ್ತಾಳೆ ಬಣ್ಣದ ಸಂಪರ್ಕ ಬಿಂದುಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬೆರಳು ತಾಗಿಸಬೇಡಿ. ಕ್ಯಾಮೆರಾಗೆ ಯಾವ ಮಾಹಿತಿಯನ್ನೂ ಕೊಡದ ಹಳೆಯ ಮ್ಯಾನುಯಲ್ ಲೆನ್ಸ್ ಹಾಕಿದ್ದರೆ ಟಿಟಿಎಲ್ ಲೆಕ್ಕವನ್ನು ನಂಬಬೇಡಿ. ಫ್ಲ್ಯಾಶನ್ನು ಮ್ಯಾನುಯಲ್ ಮಾಡಿ 1/16ರಿಂದ ಆರಂಭಿಸಿ ಏರಿಸಿ ಇಳಿಸಿ ನೋಡಿ.

ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಬೆಳಕನ್ನು ಅಳೆಯುವ ಪುಟ್ಟ ಕಣ್ಣು ಮುಂಭಾಗದಲ್ಲೇ ಇರುತ್ತದೆ. ಹಿಡಿಯುವಾಗ ಬೆರಳು ಅದರ ಮೇಲೆ ಬಿದ್ದರೆ, ಮೇಲೆ ಜಿಡ್ಡು ಕೂತಿದ್ದರೆ, ಎಷ್ಟು ಬೆಳಕು ಹೋಯಿತೆಂದು ಅದಕ್ಕೆ ತಿಳಿಯದೆ ಫ್ಲ್ಯಾಶ್ ಉರಿಯುತ್ತಲೇ ಇರುತ್ತದೆ.

ಪುಟ್ಟ ಕ್ಯಾಮೆರಾದಲ್ಲಿ ಹೊರಗಿನ ಫೋಟೊಗಳೆಲ್ಲ ಬಿಳುಚಿ, ಮೇಲೆ ಅಡ್ಡಗೆರೆಗಳು ಕಂಡು, ಮಂದ ಬೆಳಕಿನ ಫೋಟೊಗಳು ಮಾತ್ರ ಚೆನ್ನಾಗಿ ಬರುತ್ತಿದ್ದರೆ ಅಂಟಿಕೊಂಡ ಶಟರಿನ ಲಕ್ಷಣ ಅದು. ಹಂತ 3ರಲ್ಲಿ ಗುರುತು ಹಾಕಿಕೊಂಡದ್ದು ನೆನಪಿದೆಯಲ್ಲ: ಟಿಟಿಎಲ್ ಇದ್ದೂ, ಕ್ಯಾಮೆರಾದ್ದೇ ಹೊಸ ಲೆನ್ಸ್ ಇದ್ದೂ, ಪ್ರತಿ ಸಲ ಪೂರ್ತಿ ಶಕ್ತಿ ಸುರಿಯುತ್ತಿದ್ದರೆ ಫ್ಲ್ಯಾಶಿನ ಸರ್ಕ್ಯೂಟ್ ಕೆಟ್ಟಿದೆ. ಇವೆರಡೂ ಸರ್ವಿಸ್ ಸೆಂಟರಿನ ಕೆಲಸ.

ಮನೆಯಲ್ಲೇ ಸ್ಕ್ರೂ ಬಿಚ್ಚುವ ಯೋಚನೆ ಖಂಡಿತ ಬೇಡ. ಫ್ಲ್ಯಾಶಿನ ಕೆಪಾಸಿಟರ್ ಸುಮಾರು 300 ವೋಲ್ಟ್‌ವರೆಗೆ ಚಾರ್ಜ್ ಆಗಿರುತ್ತದೆ. ಬ್ಯಾಟರಿ ತೆಗೆದಿಟ್ಟ ಮೇಲೂ ಆ ಚಾರ್ಜ್ ಉಳಿದಿರಬಹುದು, ಮುಟ್ಟಿದವರಿಗೆ ಬಲವಾದ ಆಘಾತವಾಗುತ್ತದೆ.

ರಿಪೇರಿಗೆ ಕೊಡುವಾಗ ಕಾರ್ಡಿನಲ್ಲಿ ಪರೀಕ್ಷೆಯ ಫೋಟೊಗಳನ್ನೂ ಕೊಡಿ: ಹಂತ 2ರ ಫ್ಲ್ಯಾಶ್ ಇದ್ದ–ಇಲ್ಲದ ಜೋಡಿ, ಎಫ್ ಸಂಖ್ಯೆ ಬದಲಿಸಿ ತೆಗೆದ ಮೂರು, ಐಎಸ್‌ಒ 100 ಮತ್ತು ಎಫ್/8ರಲ್ಲಿ 2 ಮೀಟರ್ ದೂರದಿಂದ ಫ್ಲ್ಯಾಶ್ ಹಾಕಿ ತೆಗೆದ ಒಂದು. ಯಾವುದನ್ನೂ ಎಡಿಟ್ ಮಾಡಬೇಡಿ, ಫೋನಿನ ಮೂಲಕ ಕಳಿಸಬೇಡಿ. ಮೂಲ ಫೈಲಿನಲ್ಲಿ ಆ ಫೋಟೊದ ಎಲ್ಲ ಅಂಕಿಅಂಶಗಳೂ ದಾಖಲಾಗಿರುತ್ತವೆ, ತಂತ್ರಜ್ಞರು ಮೊದಲು ನೋಡಬೇಕಾದದ್ದು ಅವನ್ನೇ.